ಬೆನ್ನಲ್ಲೇ ಉಳಿದ ನಳಿಕೆ

ಬೇರೆಯವರ ಮಾತನ್ನು ಕೇಳಿಸಿಕೊಂಡು ಬರೆಯುವುದು ತಪ್ಪೇ ಸರಿ, ಓದುವವರು ಮನ್ನಿಸಬೇಕು. ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಬಿಲ್ಲಿಂಗ್ ವಿಭಾಗದವಳೊಬ್ಬಳು ಊಟದ ಡಬ್ಬಿಯನ್ನು ಅವುಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಆಪರೇಷನ್ ಥಿಯೇಟರಿನ ನರ್ಸ್.

“ಅಕ್ಕಾ, ಆ ಬಡಗಿ ತಾತ ಕೌಂಟರ್‌ಗೆ ಬಂದಿದ್ರು.”

“ಬೆನ್ನುನೋವಿಗೆ ಅಂತ ಮೈಯೊಳಗೆ ಇಟ್ಟಿದ್ದ ಔಷಧಿ ಪಂಪ್ ತೆಗೆಸಿಕೊಂಡ್ರಲ್ಲ, ಅವರಾ?”

“ಹೂಂ. ಬೆನ್ನಲ್ಲಿ ಇನ್ನೂ ಏನೋ ಚುಚ್ಚತ್ತೆ ಅಂತ ಬೇರೆ ಡಾಕ್ಟರ ಹತ್ರ ಹೋಗಿದ್ರಂತೆ. ಅವರು ನಮ್ಮ ಬಿಲ್ ನೋಡಿ, ‘ಪಂಪು, ನಳಿಕೆ ಎರಡೂ ತೆಗೆದಿದಾರೆ, ಚುಚ್ಚೋದೆಲ್ಲ ನಿಮ್ಮ ಭ್ರಮೆ’ ಅಂದ್ರಂತೆ.”

“ಪಂಪಿಂದ ಔಷಧಿ ಹೋಗೋ ನಳಿಕೆ ಎಲ್ಲಿ ತೆಗೆದ್ರು? ಬೆನ್ನುಮೂಳೆ ಹತ್ರ ಅಂಟಿಕೊಂಡಿತ್ತು, ಅಲ್ಲೇ ಬಿಟ್ರು. ಆಪರೇಷನ್ ಮಾಡಿದ ಸರ್ ಫೈಲಲ್ಲಿ ಬರೆದೂ ಇದಾರೆ.”

“ಯಾವಾಗ್ಲೂ ಎರಡೂ ಒಟ್ಟಿಗೇ ತೆಗೀತಾರಲ್ಲ ಅಂತ, ಫೈಲ್ ಓದದೇ ಬಿಲ್ಲಿಗೆ ಎರಡರ ಕೋಡೂ ಹಾಕಿಬಿಟ್ಟೆ.”

“ನಿನ್ನ ಕೈ ಬಲು ಚುರುಕು ಬಿಡು.”

“ಆಡ್ಕೋಬೇಡಿ ಅಕ್ಕಾ.”

“ತಾತಂಗೆ ಏನಂದೆ?”

“ಬಿಲ್ ಸರಿಯಾಗೇ ಇದೆ ಅಂದೆ. ‘ಹಾಗಾದ್ರೆ ನಂಗೇ ತಲೆ ಕೆಟ್ಟಿರಬೇಕು, ತೊಂದ್ರೆ ಕೊಟ್ಟೆ ಕಣಮ್ಮಾ’ ಅಂತ ಹೊರಟುಹೋದ್ರು. ಆಮೇಲೆ ಫೈಲ್ ತೆಗೆದು ನೋಡಿದೆ.”

“ಫೋನ್ ಮಾಡಿದ್ಯಾ?”

“ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಕೆಲಸ ಹೋದ್ರೆ ಏನ್ಮಾಡ್ಲಿ?”

“ಕೆಲಸದ ಮಾತಿರಲಿ. ನೋವಿರೋ ಮನುಷ್ಯ ತನ್ನನ್ನೇ ನಂಬದೇ ಮನೇಲಿ ಕೂತಿದಾರೆ ಕಣೇ.”

ಬಸ್ಸು ಬಂತು. ನರ್ಸ್ ಹತ್ತಿದರು. ಬಿಲ್ಲಿಂಗಿನವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಇಳಿದುಬಿಟ್ಟಳು.

“ನೀವು ಹೋಗಿ ಅಕ್ಕಾ.”

ರಸ್ತೆಯಂಚಿಗೆ ನಡೆದು, ಆಸ್ಪತ್ರೆಯ ಬಾಗಿಲನ್ನು ನೋಡುತ್ತ ಫೋನ್ ಹೊರತೆಗೆದಳು. ಅಷ್ಟರಲ್ಲಿ ಹೊರಟ ಬಸ್ಸು ನನಗೂ ಅವಳಿಗೂ ನಡುವೆ ಬಂತು. ಅದು ಸರಿದಾಗ ಅವಳು ಅಲ್ಲಿರಲಿಲ್ಲ. ನಾಲ್ಕನೇ ಸಲವಾದರೂ ತಾತನಿಗೆ ಕರೆ ಹೋಯಿತೋ ಇಲ್ಲವೋ, ಗೊತ್ತಿಲ್ಲ.