ಹುರಿದ ಕಲ್ಲಿನ ಕಮಾನು

ಅಧ್ಯಕ್ಷರಾದ ತ್ರ್ಯಂಬಕರಾವ್ ಮಾಸ್ತರೇ, ನಮ್ಮ ಹಂಚಿನ ಕಾರಖಾನಿ ಮಾಲಕರಾದ ಮಾರ್ತಾಂಡರಾವ್ ಸಾಹೇಬರೇ, ಬೆಳಗಾವಿಯಿಂದ ರೈಲು ಹತ್ತಿ ಖಾನಾಪುರಕ್ಕ ಬಂದ ಹಿರಿಯರೇ, ಚಹಾ ಬರೂತನಕ ಏಳಬಾರದಂತ ಕುಂತ ಸಭಿಕರೇ, ಭಟ್ಟಿ ಮೇಸ್ತ್ರಿ ಬಾಳಪ್ಪನ ಶರಣು.

ನಾನು ಮೂರನೇ ಇಯತ್ತೆ ಕಲತವ. ಭಾಷಣ ಬರದು ಕೊಟ್ಟಾರ, ಆದ್ರ ನಾನು ಓದಿ ಮುಗಿಸೂದ್ರಾಗ ನೀವು ಮುದುಕರಾಗತೀರಿ. ಬಾಯಿಲೇ ಹೇಳತೀನಿ.

ಸನ ೧೯೨೫ರಾಗ ನಮ್ಮ ಹಂಚು ಸುಡೂ ಭಟ್ಟಿ ಕಮಾನು ಎರಡು ಸಲ ಕುಸೀತು. ಉರಿಗೆ ಇಟ್ಟಂಗಿ ಬೆಲ್ಲದ ಪಾಕದಂಗ ಇಳೀತಿದ್ದವು. ಸಾಹೇಬ್ರು ಅಂದ್ರು, "ಬಾಳಪ್ಪಾ, ಮೂರನೇ ಸಲ ಬಿತ್ತಂದ್ರ ಕಾರಖಾನಿಗೆ ಕೀಲಿ." ಕೀಲಿ ಬಿದ್ದಿದ್ರ ನಲವತ್ತು ಮನಿ ಒಲಿ ಆರತಿದ್ದವು. ಅದರಾಗ ನಂದೂ ಒಂದು.

ಆವಾಗ ಮಾಸ್ತರು ಬೆಳಗಾವಿ ಕಡೆ ದಿಬ್ಬದಿಂದ ಒಂದು ಕೆಂಬಿಳಿ ಕಲ್ಲು ತಂದ್ರು. ಬಾಕ್ಸೈಟ್ ಅಂತ. ಅದರ ಹೊಟ್ಟ್ಯಾಗ ಅಲ್ಯುಮಿನಾ ಐತಂತ. ಅಲ್ಯುಮಿನಿಯಂ ಪಾತೇಲಿ ಹುಟ್ಟೂದು ಅದರಿಂದನ. ಚೂರಿ ಹರಿತ ಮಾಡೂ ಕುರಂದ ಕಲ್ಲೂ ಅಲ್ಯುಮಿನಾನ, ರಾಣಿ ಕೊರಳಾಗಿನ ಮಾಣಿಕ್ಯನೂ ಅಲ್ಯುಮಿನಾನ. "ನಿನ್ನ ಭಟ್ಟಿ ಉರಿಗೆ ಇದು ಕರಗೂದಿಲ್ಲೋ" ಅಂದ್ರು. ಏನ್ರಿ ಇದು? ಮಾಣಿಕ್ಯದ ತಮ್ಮ ನಮ್ಮ ದಿಬ್ಬದಾಗ ಬಿದ್ದಾನ, ನಾವು ಅವನ ಮ್ಯಾಲೆ ದನಾ ಮೇಸೇವಿ. ನಗಬ್ಯಾಡ್ರಿ, ನೀವೂ ಮೇಸೀರಿ.

ಕಲ್ಲು ಕುಟ್ಟಿ, ಮಣ್ಣಾಗ ಕಲಸಿ, ಇಟ್ಟಂಗಿ ಮಾಡಿ ಸುಟ್ಟೆ. ಎಲ್ಲಾ ಮುದುಡಿ ಬಿರಕ ಬಿಟ್ಟವು. ಮನಿಗೆ ಬಂದು ಊಟ ಒಲ್ಲೆ ಅಂತ ಕುಂತೆ. ಮನಿಯಾಕಿ ಕೇಳಿದ್ಲು, "ಕಲ್ಲು ಹುರದಿರೇನು?"

"ಕಲ್ಲು ಯಾರ ಹುರೀತಾರ, ಹುಚ್ಚಿ?"

"ಹಸಿ ರವಾದ್ಲೆ ಉಂಡಿ ಕಟ್ಟಿದ್ರ ನಿಲ್ಲತಾವೇನು? ಒಳಗಿನ ನೀರು ಮೊದಲ ಹೋಗಲಿ."

ಹುರದೆ. ಮೂರು ದಿನ ಕೆಂಡದಾಗ ಹುರದೆ. ಕಲ್ಲಿನ ನೀರು ಉಗಿಯಾಗಿ ಹೋತು. ಮುದುಡೂದೆಲ್ಲಾ ಅಲ್ಲೇ ಮುದುಡಿತು. ಆಮ್ಯಾಲೆ ಕುಟ್ಟಿ, ಕಲಸಿ, ಸುಟ್ಟು, ಕಮಾನು ಕಟ್ಟಿದೆ. ಮೊದಲನೇ ಉರಿಗೆ ನಿಂತಿತು. ಎರಡನೇದಕ್ಕೂ ನಿಂತಿತು. ಇವತ್ತಿಗೆ ಇಪ್ಪತ್ತೊಂದು ಉರಿ ಆದವು, ಒಂದು ಇಟ್ಟಂಗಿ ಸರದಿಲ್ಲ. ನಮ್ಮ ಹಂಚು ಲೋಂಡಾ ದಾಟಿ ಗೋವಾಕ್ಕ ಹೊಂಟಾವ.

"ಈ ಯುಕ್ತಿ ಎಲ್ಲಿಂದ ಬಂತು?" ಅಂತ ಸಾಹೇಬ್ರು ಕೇಳಿದ್ರು. "ಅನುಭವರಿ" ಅಂದೆ. ಆ ಅನುಭವದ ಹೆಸರು ರೇಣವ್ವ. ಲಗ್ನಾಗಿ ಇಪ್ಪತ್ತೈದು ವರ್ಷದಾಗ ನಾಲ್ಕು ಮಂದ್ಯಾಗ ಅಕಿ ಹೆಸರು ಹಿಡದವ ಅಲ್ಲ, ಇವತ್ತು ಹಿಡದೀನಿ. ಅಗೋ, ಕಂಬದ ಹಿಂದ ಕುಂತಾಳ.

ಸೋಮವಾರ ಎರಡನೇ ಭಟ್ಟಿ ಸುರು. ಮೊದಲನೇ ಉರಿ ಮೇಸ್ತ್ರಿ ಹಚ್ಚೂದು ಪದ್ಧತಿ. ಈ ಸಲ ಅಕಿ ಹಚ್ಚಬೇಕು. ಸಾಹೇಬ್ರು ಹೂಂ ಅಂದಾರ. ಅಕಿನ್ನ ಮಾತ್ರ ಇನ್ನೂ ಕೇಳಿಲ್ಲ, ಮನ್ಯಾಗ ಕೇಳಾಕ ಧೈರ್ಯ ಸಾಲಲಿಲ್ಲ. ಏನ ರೇಣವ್ವಾ, ಹಚ್ಚತೀಯೇನು?

ಹೂಂ ಅಂತ ತಲಿ ಆಡಿಸಿದ್ಲು. ಎಲ್ಲಾರೂ ನೋಡೀರಿ, ಸಾಕ್ಷಿ ನೀವು.

ಕೇಳಿದ ನಿಮಗೂ, ಕಲ್ಲು ತಂದ ಮಾಸ್ತರಿಗೂ ಭಾಳ ಉಪಕಾರ ಆತು. ನಮಸ್ಕಾರ.