ಜೊಂಡಿನ ಸುತ್ತಿನ ದಾರಿ

೧೯೪೩ರ ಚಳಿಗಾಲ. ಗಂಗಾವತಿ ಕಡೆಯ ಹೊಳೆದಂಡೆಯಲ್ಲಿ ನಾನು ಸುಮ್ಮನೆ ಕೂತಿದ್ದೆ. ಜೊಂಡು ಬೆಳೆದ ಜೌಗನ್ನು ಬಳಸಿ ಮತ್ತೆ ಅಲ್ಲಿಗೇ ಮರಳುವ ಕಾಲುದಾರಿಯಿಂದ ಒಬ್ಬ ತಂದೆ, ಮದುವೆಯಾದ ಮಗಳು ಬಂದರು.

“ಯಪ್ಪಾ, ಇನ್ನೊಂದು ಸುತ್ತು ಹೋಗಿ ಬರೋಣ.”

“ಎರಡು ಸಲ ಆತಲ್ಲ, ಪಾರಮ್ಮ. ನೀರಕೋಳಿನೂ ನಮ್ಮ ಗುರ್ತು ಹಿಡದಾವ.”

“ಆ ಮನಿಗೆ ನಾ ಒಲ್ಲೆ. ಅತ್ತಿ ನನ್ನ ಕೈ ಸುಟ್ಟಿದ್ದು ಇನ್ನೂ ಮಾಯ್ದಿಲ್ಲ.”

“ನೀ ಗಂಡನ್ನ ಬಿಟ್ಟು ಬಂದ್ರ ನಿನ್ನ ತಂಗೀನ ಯಾರು ಮಾಡ್ಕೋತಾರವ್ವ?”

ಆಚೆ ದಡದಿಂದ ಹರಿಗೋಲು ಬಂದು ನಿಂತಿತು. ಅಂಬಿಗ ಅವಳ ಗಂಟನ್ನು ಒಳಗಿಟ್ಟ.

“ಅವ್ವಗ ಏನ ಹೇಳ್ತಿ?”

“ನಕ್ಕೋತ ಹೋದ್ಲು ಅಂತೀನಿ.”

“ಹಂಗಾರ ಆ ಕಡೆ ತಿರುಗು. ನನ್ನ ಮುಖ ನೋಡಬ್ಯಾಡ.”

ಅವನು ಬೆನ್ನು ತಿರುಗಿಸಿ ನಿಂತ. ಅವಳು ಹರಿಗೋಲು ಹತ್ತಿದಳು.