ಲಪ್ಪಂ ಹಚ್ಚಿದ ಮೆಟ್ಟಲಾ

ಅಲ್ಲ, ವ್ಯಾನಿನ ಹಿಂದಿನ ಬಾಗ್ಲಾ ಅಲ್ಲ, ಎಡಗಡೆ ಬಾಗ್ಲದ ಕೆಳಗ, ಮಕ್ಕಳು ಕಾಲಿಟ್ಟು ಹತ್ತತಾವಲ್ಲ, ಆ ಮೆಟ್ಟಲಾ. ಅಲ್ಲೇ ಬಣ್ಣ ಗುಳ್ಳಿ ಎದ್ದಿತ್ತು. ನಿಮ್ಮ ಅಜ್ಜಾರ ಫ್ಯಾಕ್ಟರಿ ಮುಚ್ಚಿ, ನಾ ತೆಲುಗು ಸೀಮಿ ಸನತ್‌ನಗರದಾಗ ಸಾಲಿ ವ್ಯಾನ್ ಹೊಡೀತಿದ್ದ ಕಾಲ ಅದು. ಬಿ.ಎ. ಮಾಡಿದಾಕಿ ವ್ಯಾನ್ ಹೊಡೀತಾಳ ಅಂತ ಮಂದಿ ನಗತಿದ್ರು. ನಗಲಿ ಬಿಡ್ರಿ. ಅವರಾಗ ಯಾರ ಗಾಡಿಗೆ ನನ್ನಂಗ ನೋಟ್‌ಬುಕ್ ಇತ್ತು? ಯಾವ ಟೈರಿಗೆ ಎಂದು ಗಾಳಿ ಹಾಕಿಸ್ದೆ, ಯಾವ ಮಗು ಯಾವ ಕಿಟಕಿಗೆ ಕೂಡತೈತಿ, ಯಾರಿಗೆ ವಾಂತಿ ಆಗತೈತಿ, ಎಲ್ಲಾ ಬರದಿಡತಿದ್ದೆ. ಒಂಬತ್ತು ಮಕ್ಕಳು. ಅಲ್ಲಲ್ಲ, ಎಂಟು, ಒಂದು ಆಮ್ಯಾಲೆ ಬಂತು.

ಫಿಟ್‌ನೆಸ್ ತಪಾಸಣಿಗೆ ಎಂಟು ದಿನ ಉಳದಿತ್ತು. ಪಾಸಾಗಲಿಲ್ಲಂದ್ರ ವ್ಯಾನ್ ಇಲ್ಲ, ವ್ಯಾನ್ ಇಲ್ಲಂದ್ರ ಮನಿ ನಡಿಯೂದಿಲ್ಲ. ಒಂದೀಟು ಗುಳ್ಳಿ ತಾನ, ಉಜ್ಜಿ ಬಣ್ಣ ಹೊಡಸೂಣು ಅಂತ ಡೆಂಟಿಂಗ್ ಮಾಡೋ ಖಾದರಭಾಯಿ ಕಡೆ ಒಯ್ದೆ. ಬೀದರದಂವ, ನಮ್ಮ ಮಾತು ಚೊಲೋ ಬರತಿತ್ತು. ಅಂವ ಏನ್ ಮಾಡಿದ ಗೊತ್ತೇನು? ಬಣ್ಣ ನೋಡಲೇ ಇಲ್ಲ. ಬೆರಳ ಗೆಣ್ಣಿಲೆ ಗಾಡಿ ಸುತ್ತ ಬಡಕೋತ ಹ್ವಾದ. ಠಣ್, ಠಣ್, ಠಣ್. ಎಡ ಬಾಗ್ಲದ ಕೆಳಗ ಬಂದ ಕೂಡ್ಲೇ, ದಬ್.

"ಅಮ್ಮಾರ, ಇಲ್ಲಿ ತಗಡೇ ಇಲ್ರಿ."

ನನಗ ಸಿಟ್ಟು ಬಂತು. ಹಿಂದಿನ ವರ್ಷ ಬ್ಯಾರೆ ಕಡೆ ರಿಪೇರಿ ಮಾಡಿಸಿದ್ದೆ. ನೋಟ್‌ಬುಕ್ ತಗದು ಓದಿ ತೋರಿಸ್ದೆ: 'ಎಡಗಡೆ ಬಾಗಿಲು, ಮೆಟ್ಟಿಲು, ಹೊಸದರಂತೆ ಆಗಿವೆ. ಸ್ವತಃ ನೋಡಿದ್ದೇನೆ.'

"ಅಕ್ಷರ ಭಾಳ ಛಂದ ಅದಾವ್ರಿ," ಅಂದ. "ಆದ್ರ ನೀವು ನೋಡೀರಿ, ಬಡದಿಲ್ಲ."

ಚಾಣ ಹಚ್ಚಿ ಎಬ್ಬಿಸಿದ. ಬೆರಳ ದಪ್ಪ ಲಪ್ಪಂ, ಬಣ್ಣದ ಮೊದಲ ಗೋಡಿಗೆ ಬಳೀತಾರಲ್ಲ ಅಂಥಾದ್ದು, ಅದರ ಹಿಂದ ಗೋಣಿ ತುಂಡು, ಅದರ ಹಿಂದ ತೆಲುಗು ಪೇಪರಿನ ಉಂಡಿ. ತಗಡ ತುಂಬೂ ಬದಲಿ ಸುದ್ದಿ ತುಂಬ್ಯಾರ್ರಿ ಅಂತ ಅಂವ ನಕ್ಕ. ನನಗ ನಗು ಬರಲಿಲ್ಲ. ದಿನಾ ಎರಡು ಸರ್ತಿ ಎಂಟು ಮಕ್ಕಳು ಅದನ್ನ ತುಳದು ಹತ್ತಿ ಇಳೀತಿದ್ವು.

ಅಷ್ಟರಾಗ ಪಕ್ಕದ ಶೆಡ್ಡಿನಂವ ಬಂದು, ಮ್ಯಾಲೆ ಇನ್ನೊಂದು ಕೈ ಲಪ್ಪಂ ಎಳೀತೀನಿ, ನಾಳೆ ಒಯ್ರಿ, ತಪಾಸಣಿಯವರಿಗೆ ಗೊತ್ತಾಗೂದಿಲ್ಲ ಅಂದ. ಖರೆ ಹೇಳ್ತೀನಿ, ಆಸೆ ಆತು. ಭಾಳ ಆಸೆ ಆತು. ಖಾದರಭಾಯಿ ಚಹಾ ಕುಡಕೋತ ಕೂತ. ಕಡೀಕೆ ನಾನೇ ಕೇಳ್ದೆ, ನಿನಗೆಷ್ಟು ದಿನ ಬೇಕು? ಕೊಳತದ್ದೆಲ್ಲಾ ಕತ್ತರಿಸಿ, ಹೊಸ ತಗಡ ವೆಲ್ಡಿಂಗ್ ಮಾಡಾಕ ಹದಿನೈದು ದಿನ ಅಂದ. ಅಂದ್ರ ತಪಾಸಣಿ ತಾರೀಖು ತಪ್ಪಿದಂಗ. ಮಾಡಪ್ಪಾ ಅಂತ ಹೇಳಿ ಕೀಲಿ ಕೊಟ್ಟೆ.

ಸಂಜಿಕೆ ಎಂಟೂ ಮನಿಗೆ ನಡಕೋತ ಹೋದೆ. ಮೆಟ್ಟಲಾ ಕೊಳತೈತಿ, ನಾ ಸರಿಯಾಗಿ ನೋಡಿರಲಿಲ್ಲ, ತಪ್ಪು ನಂದು ಅಂತ ಎಂಟು ಸರ್ತಿ ಹೇಳ್ದೆ. ಎಂಟನೇದಕ್ಕ ಬರೂದ್ರಾಗ ಪಾಠ ಒಪ್ಪಿಸಿದಂಗ ಆಗಿತ್ತು. ಇಬ್ಬರು ಆಟೋ ಹಚ್ಚಿಗೊಂಡ್ರು, ತಿರುಗಿ ಬರಲಿಲ್ಲ. ಉಳದವರು, ವ್ಯಾನ್ ಮುಂದಿನ ತಾರೀಖಿಗೆ ಪಾಸಾಗೂ ತನಕ ಕಾದ್ರು. ಆ ಸಂಜಿ ಒಬ್ಬ ಹುಡುಗಿ ತಾಯಿ, ತೆಲುಗಿನಾಕಿ, ಬಾಗ್ಲದಾಗ ನಿಂತು ನನ್ನ ಮಾರಿ ನೋಡಿ ಅಂದ್ಲು, "ನೀವ್ ಹೇಳಿರ್ಲಿಲ್ಲಂದ್ರ ನಮಗೆಲ್ಲಿ ಗೊತ್ತಾಗತಿತ್ತು ಆಂಟೀ?"

ಅದಕ್ಕ ಹೇಳಾಕತ್ತೀನಿ, ತಪ್ಪು ನಿಮ್ದಾದ್ರ, ಅದರಾಗ ಇನ್ನೊಬ್ಬರ ಕಾಲು ಸಿಗೂದಕ್ಕ ಮೊದಲ ಅವರ ಮನಿಗೆ ನೀವೇ ಹೋಗ್ರಿ. ಏಳ್ರಿ, ರೊಟ್ಟಿ ಆರಾಕತ್ತಾವು.